ಮಾಲ್ ಹಿಂದಿನ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಮನೆ: ಬಾಡಿಗೆಗೆ ಹಿಡಿಯಬಹುದಾ?

ತುಂಗಾತೀರ | ಬುಧವಾರ, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ನಮ್ಮ ಯಜಮಾನರಿಗೆ ಬೆಂಗಳೂರಿನ ಐಟಿಪಿಎಲ್ ಟೆಕ್ ಪಾರ್ಕಿನಲ್ಲಿ ಕೆಲಸ ಆಗಿದೆ, ಬರುವ ಒಂದನೇ ತಾರೀಖಿಗೆ ಸೇರಿಕೊಳ್ಳಬೇಕು. ನಾನು, ಅವರು, ಎರಡನೇ ಕ್ಲಾಸಿನ ಮಗಳು, ನಮ್ಮತ್ತೆ, ಒಟ್ಟು ನಾಲ್ಕು ಜನ.

ಮಹದೇವಪುರದ ಕಡೆ ಒಂದು ದೊಡ್ಡ ಮಾಲ್‌ನ ಹಿಂದಿನ ರಸ್ತೆಯಲ್ಲಿ ಫ್ಲ್ಯಾಟ್ ನೋಡಿಕೊಂಡು ಬಂದಿದ್ದೇವೆ. ನಾಲ್ಕನೇ ಮಹಡಿ, ಲಿಫ್ಟ್ ಇದೆ. ಬಾಡಿಗೆ 34,000, ಮೇಂಟೆನೆನ್ಸ್ 3,500 ಬೇರೆ, ಅಡ್ವಾನ್ಸ್ ಎರಡು ಲಕ್ಷ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ನಾವು ಹೋಗಿದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಮನೆ ತುಂಬ ಬೆಳಕಿದೆ, ಅಡುಗೆಮನೆ ದೊಡ್ಡದು, ಮೆಟ್ರೋಗೆ ನಡೆದೇ ಹೋಗಬಹುದು. ನನಗಂತೂ ಹಿಡಿಸಿತು.

ಚಿಂತೆ ಇರುವುದು ಅತ್ತೆಯದು. 71 ವರ್ಷ, ಮಂಡಿನೋವು, ನಿದ್ದೆ ಬಹಳ ತೆಳು. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಬ್ರೋಕರ್ ಶುಕ್ರವಾರದೊಳಗೆ ಟೋಕನ್ ಹಾಕಿ, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ ಅಂತಿದ್ದಾರೆ. ಮಾಲ್ ಹತ್ತಿರ ಇದ್ದವರು ದಯವಿಟ್ಟು ಹೇಳಿ.

ಹೂಡಿ_ಹಾಲ್ಟ್ | ಬುಧವಾರ, 10:41

ಟೋಕನ್ ಹಾಕಬೇಡಿ ಅಕ್ಕ. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಅಂದರೆ ಮಾಲ್ ಬಾಗಿಲು ತೆಗೆಯುವ ಹೊತ್ತು. ಆ ಹೊತ್ತಲ್ಲಿ ಯಾವ ಮಾಲ್ ಹಿಂದೆಯೂ ಸದ್ದಿರುವುದಿಲ್ಲ. ಶನಿವಾರ ಸಂಜೆ ಏಳಕ್ಕೆ ಒಂದು ಸಲ, ಅವತ್ತೇ ರಾತ್ರಿ ಒಂದು ಗಂಟೆಗೆ ಇನ್ನೊಂದು ಸಲ ಹೋಗಿ ನಿಂತು ನೋಡಿ. ಆಮೇಲೆ ಮಾತು.

ಬೆನ್ನಿಗೆ_ಮಾಲ್ | ಬುಧವಾರ, ಮಧ್ಯಾಹ್ನ 1:15

ಮೂರು ವರ್ಷ ಹತ್ತು ತಿಂಗಳು ಇಂಥದೇ ಮನೆಯಲ್ಲಿದ್ದು ಬಂದವನು ನಾನು. ಯಾವ ಮಾಲ್ ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಎಲ್ಲ ಕಡೆ ಕಟ್ಟುವ ಕ್ರಮ ಒಂದೇ. ಮುಂದುಗಡೆ ಗಾಜು, ದೀಪ, ಕಾರಂಜಿ. ಹಿಂದುಗಡೆ ಲಾರಿ ಗೇಟು, ಕಸದ ಜಾಗ, ಜನರೇಟರ್, ಫುಡ್ ಕೋರ್ಟಿನ ಹೊಗೆ ಕೊಳವೆ. ನೀವು "ಹಿಂದಿನ ರಸ್ತೆ" ಅಂದಿರಲ್ಲ, ಆ ಮಾತು ಕಂಡೇ ಬರೆಯಲು ಕೂತೆ.

ಹಗಲಲ್ಲಿ ದೊಡ್ಡ ಲಾರಿಗಳಿಗೆ ನಗರದೊಳಗೆ ನಿರ್ಬಂಧ ಇರುವುದರಿಂದ ಸರಕೆಲ್ಲ ರಾತ್ರಿಯೇ ಬರುತ್ತದೆ. ನಮ್ಮಲ್ಲಿ ಹನ್ನೆರಡೂವರೆಗೆ ಶುರುವಾಗಿ ನಾಲ್ಕೂವರೆವರೆಗೆ ನಡೆಯುತ್ತಿತ್ತು. ಲಾರಿಯ ಸದ್ದನ್ನಾದರೂ ಸಹಿಸಬಹುದು. ರಿವರ್ಸ್ ತೆಗೆಯುವಾಗಿನ ಆ ಪೀಂ ಪೀಂ, ಕ್ರೇಟುಗಳನ್ನು ಸಿಮೆಂಟಿನ ಮೇಲೆ ದರದರ ಎಳೆಯುವ ಶಬ್ದ, ಇವು ನಿದ್ದೆಯೊಳಕ್ಕೇ ಬರುತ್ತವೆ. ಅದರ ಮೇಲೆ ಏಸಿ ಯಂತ್ರಗಳ ಗುಂಯ್ ಸದ್ದು ಬೇರೆ. ಅದು ನಿಂತಾಗಲೇ, ಓಹೋ ಇಷ್ಟು ಹೊತ್ತೂ ಸದ್ದಿತ್ತಲ್ಲ ಅಂತ ಗೊತ್ತಾಗುವುದು. ಕರೆಂಟ್ ಹೋದರೆ ಜನರೇಟರ್ ಶುರು, ಮಲಗುವ ಕೋಣೆಯ ಕಿಟಕಿ ಗಾಜು ಅದುರುತ್ತಿತ್ತು, ನಾವು ಚೌಕಟ್ಟಿಗೆ ಕಾಗದ ಮಡಿಸಿ ತುರುಕಿದ್ದೆವು.

ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ: ಎಣ್ಣೆ. ಫುಡ್ ಕೋರ್ಟಿನ ಹೊಗೆ ಕೊಳವೆ ನಮ್ಮ ಬಾಲ್ಕನಿ ಕಡೆಗೆ ಇತ್ತು. ಒಗೆದು ಹಾಕಿದ ಬಟ್ಟೆ ಸಂಜೆ ತೆಗೆಯುವಾಗ ಕರಿದೆಣ್ಣೆಯ ಕಮಟು. ಎರಡು ತಿಂಗಳಿಗೆ ಸೊಳ್ಳೆಪರದೆಯ ಜಾಲರಿ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ನನ್ನ ಹೆಂಡತಿ ಕೊನೆಕೊನೆಗೆ ಬಟ್ಟೆಯನ್ನೆಲ್ಲ ಹಾಲ್‌ನಲ್ಲೇ ಒಣಗಿಸುತ್ತಿದ್ದಳು.

ದೂರು ಕೊಟ್ಟರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಮಾಲ್ ಪಕ್ಕದ ರಸ್ತೆ ಯಾವ ಲೆಕ್ಕಕ್ಕೆ ಸೇರುತ್ತದೆ ಅನ್ನುವಲ್ಲೇ ಜಗಳ ಶುರು. ನಾವು 112ಕ್ಕೆ ಎಷ್ಟೋ ಸಲ ಫೋನ್ ಮಾಡಿದೆವು, ಪೊಲೀಸರು ಬರುತ್ತಿದ್ದರು, ಎರಡು ದಿನ ತಣ್ಣಗಿರುತ್ತಿತ್ತು, ಮೂರನೇ ದಿನ ಮತ್ತೆ ಅದೇ. ಕೊನೆಗೆ ಅಸೋಸಿಯೇಷನ್ ಕಡೆಯಿಂದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದ ಮೇಲೆ ಜನರೇಟರ್ ಸುತ್ತ ಗೋಡೆ ಎಬ್ಬಿಸಿದರು. ಅಷ್ಟು ಹೊತ್ತಿಗೆ ನಾವು ಮನೆ ಖಾಲಿ ಮಾಡುವ ನಿರ್ಧಾರ ಮಾಡಿಯಾಗಿತ್ತು.

ಹಾಗಂತ ಮಾಲ್ ಹತ್ತಿರ ಬೇಡವೇ ಬೇಡ ಅನ್ನುವುದಿಲ್ಲ. ಅದೇ ಅಪಾರ್ಟ್‌ಮೆಂಟಿನ ಎದುರು ಬ್ಲಾಕಿನವರಿಗೆ ಈ ಯಾವ ತೊಂದರೆಯೂ ಇರಲಿಲ್ಲ. ನಿಮ್ಮ ಬೆಡ್‌ರೂಮ್ ಕಿಟಕಿ ಯಾವ ದಿಕ್ಕಿಗೆ ತೆರೆಯುತ್ತದೆ?

ತುಂಗಾತೀರ | ಬುಧವಾರ, 1:40

ಎರಡೂ ಬೆಡ್‌ರೂಮು ಮಾಲ್ ಕಡೆಗೇ ಅಣ್ಣ. ಕಿಟಕಿಯಿಂದ ಒಂದು ದೊಡ್ಡ ಕಬ್ಬಿಣದ ಗೇಟು ಕಾಣುತ್ತದೆ, ಮುಚ್ಚಿತ್ತು. ಅದೇನು ಅಂತ ಕೇಳಬೇಕು ಅಂತಲೂ ನನಗೆ ಹೊಳೆಯಲಿಲ್ಲ.

ರಾತ್ರಿಪಾಳಿ | ಬುಧವಾರ, ಸಂಜೆ 6:05

ನಾನು ಬೇರೆ ಮಾತು ಹೇಳುತ್ತೇನೆ. ನನ್ನ ಕೆಲಸ ಮುಗಿಯುವುದು ರಾತ್ರಿ ಹತ್ತೂವರೆಗೆ. ಮೊದಲು ಒಳಗಡೆ ಬಡಾವಣೆಯಲ್ಲಿದ್ದೆ, ಮೆಟ್ರೋ ಇಳಿದು ಮನೆ ಸೇರುವ ಆ ಹದಿನೈದು ನಿಮಿಷ ಜೀವ ಕೈಯಲ್ಲಿ ಹಿಡಿದುಕೊಂಡೇ ನಡೆಯುತ್ತಿದ್ದೆ. ಬೀದಿದೀಪ ಒಂದು ಇದ್ದರೆ ಮೂರು ಇರುತ್ತಿರಲಿಲ್ಲ, ನಾಯಿಗಳು ಬೇರೆ. ಈಗ ಮಾಲ್ ಪಕ್ಕದ ರಸ್ತೆಗೆ ಬಂದು ಎರಡು ವರ್ಷ. ಹನ್ನೊಂದು ಗಂಟೆಗೂ ಜನ ಓಡಾಡುತ್ತಿರುತ್ತಾರೆ, ಸೆಕ್ಯೂರಿಟಿಯವರು ಇರುತ್ತಾರೆ, ಔಷಧದ ಅಂಗಡಿ ತೆರೆದಿರುತ್ತದೆ. ಊರಲ್ಲಿ ಅಮ್ಮ ನೆಮ್ಮದಿಯಾಗಿದ್ದಾರೆ. ಸದ್ದು ಇದೆ, ಇಲ್ಲ ಅನ್ನುವುದಿಲ್ಲ. ನಾನು ಅದನ್ನು ಒಪ್ಪಿಕೊಂಡೇ ಬಂದೆ.

ವಯಸ್ಸಾದವರಿಗೂ ಒಂದು ಅನುಕೂಲ ಇದೆ. ಏಪ್ರಿಲ್ ಬಿಸಿಲಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಅಜ್ಜ ಅಜ್ಜಿಯರು ಮಧ್ಯಾಹ್ನ ಮಾಲ್ ಒಳಗೆ ನಾಲ್ಕು ಸುತ್ತು ನಡೆಯುತ್ತಾರೆ. ನೆಲ ಸಮತಟ್ಟು, ತಂಪು, ಕೂರಲು ಜಾಗ, ಶೌಚಾಲಯ ಎಲ್ಲ ಇದೆ. ಮಂಡಿನೋವಿನವರಿಗೆ ನಮ್ಮ ಫುಟ್‌ಪಾತ್‌ಗಳಿಗಿಂತ ಅದು ಎಷ್ಟೋ ವಾಸಿ.

ಹುಬ್ಬಳ್ಳಿ_ಮಂದಿ | ಬುಧವಾರ, ರಾತ್ರಿ 9:30

ಅಕ್ಕಾರ, ಸದ್ದಿನ ವಿಚಾರ ಎಲ್ಲಾರೂ ಹೇಳ್ಯಾರ. ನಾ ರೊಕ್ಕದ ವಿಚಾರ ಹೇಳತೇನಿ. ಎರಡು ಲಕ್ಷ ಅಡ್ವಾನ್ಸ್ ಅಂದ್ರ ಹತ್ರ ಹತ್ರ ಆರು ತಿಂಗಳ ಬಾಡಿಗಿ. ಬೆಂಗಳೂರಾಗ ಮೊದಲು ಹತ್ತು ತಿಂಗಳದ್ದು ಇಸಗೋತಿದ್ರು, ಈಗ ಐದು, ಆರಕ್ಕ ಇಳದೈತಿ. ಕೊಡೂದು ದೊಡ್ಡ ಮಾತಲ್ಲ, ತಿರುಗಿ ಇಸಗೊಳ್ಳೂದೈತಲ್ಲ, ಅದು ಭಾಳ ತ್ರಾಸ.

ನನಗ ಆಗಿದ್ದು ಕೇಳ್ರಿ. ಎರಡು ವರ್ಷ ಇದ್ದು ಮನಿ ಬಿಟ್ಟೆ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗಿ ಹಿಡದ್ರು. ಅದನ್ನ ಅಗ್ರಿಮೆಂಟಿನಾಗ ಬರದಿತ್ತು, ಒಪ್ಪಿದೆ. ಅದರ ಮ್ಯಾಲ ಬಾತ್‌ರೂಮಿನ ಟೈಲ್ಸ್ ಒಡದೈತಿ ಅಂತ 18,000, ಅಡಗಿಮನಿ ಕಪಾಟಿನ ಬಾಗಿಲಾ ಸಡಲ ಆಗೈತಿ ಅಂತ 6,000 ಹಿಡದ್ರು. ಟೈಲ್ಸ್ ನಾ ಹೋಗೂಕಿಂತ ಮೊದಲೇ ಸೀಳಿತ್ರಿ. ಆದ್ರ ನನ್ನ ಕಡೆ ಒಂದು ಫೋಟೋ ಇರಲಿಲ್ಲ. ನನ್ನ ಮಾತು ಯಾರು ನಂಬತಾರ?

ಕೀಲಿಕೈ ಇಸಗೊಂಡ ದಿನಾನ, ಸಾಮಾನು ಒಳಗ ಇಡೂದಕ್ಕೂ ಮೊದಲು, ಒಂದೊಂದು ಗೋಡಿ, ಒಂದೊಂದು ನಲ್ಲಿ ವಿಡಿಯೋ ಮಾಡ್ರಿ. ಮಾಡಿ ಮಾಲೀಕರಿಗೆ ವಾಟ್ಸ್‌ಆ್ಯಪ್ ಕಳಸ್ರಿ, ಅವರ ಕಡೆ ಒಂದು ಸಾಕ್ಷಿ ಉಳೀಲಿ. ಕರೆಂಟ್ ಮೀಟರಿನ ರೀಡಿಂಗ್ ಫೋಟೋನೂ ಹೊಡೀರಿ.

ಕೋರ್ಟ್_ಹಾಲ್ | ಗುರುವಾರ, ಬೆಳಿಗ್ಗೆ 8:10

ವೃತ್ತಿಯಿಂದ ವಕೀಲ. ಹುಬ್ಬಳ್ಳಿಯವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ತಮ್ಮನ್ನು ಕಾಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದೇ ಇಲ್ಲ. ನಿಮ್ಮಂಥ ಮನೆಗಳೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ಬರುತ್ತವೆ. ಅಗ್ರಿಮೆಂಟಿನಲ್ಲಿ ಏನೂ ಬರೆಯದಿದ್ದರೆ ಅದರ 106ನೇ ಸೆಕ್ಷನ್ ಪ್ರಕಾರ ಹದಿನೈದು ದಿನದ ನೋಟಿಸ್ ಕೊಟ್ಟು ತಿಂಗಳ ಬಾಡಿಗೆದಾರರನ್ನು ಬಿಡಿಸಬಹುದು. ಆದ್ದರಿಂದ ನಿಮಗೆ ಕಾಗದವೇ ರಕ್ಷೆ. ನೋಟಿಸ್ ಎರಡು ತಿಂಗಳು, ಇಬ್ಬರಿಗೂ ಸಮನಾಗಿ, ಎಂದು ಬರೆಸಿ. ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್, ಯಾವುದಕ್ಕೆ ಹಿಡಿಯಬಹುದು, ಯಾವುದಕ್ಕೆ ಇಲ್ಲ, ಬರೆಸಿ. "ಸಹಜ ಸವೆತಕ್ಕೆ ಹಣ ಹಿಡಿಯುವಂತಿಲ್ಲ" ಎಂಬ ಒಂದು ಸಾಲು ಮರೆಯಬೇಡಿ.

2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎಂದಿದೆ. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಮಾಲೀಕರ ಮುಂದೆ ಅದನ್ನು ಹಿಡಿದು ವಾದ ಮಾಡಲು ಹೋಗಬೇಡಿ.

ಹನ್ನೊಂದು ತಿಂಗಳ ಕರಾರೇ ಏಕೆ ಎಂದು ಕೆಲವರು ಕೇಳುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ಲಾಕ್-ಇನ್ ಅವಧಿ, ಅಂದರೆ ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಕಲಂ ಇದೆಯೇ ಎಂದು ಮಾತ್ರ ಸೂಕ್ಷ್ಮವಾಗಿ ಓದಿ. ಸದ್ದು ತಾಳದೆ ಮೂರನೇ ತಿಂಗಳು ಬಿಡಬೇಕಾಗಿ ಬಂದರೆ ಅದು ಕೊರಳಿಗೆ ಬೀಳುತ್ತದೆ.

ಕಡಲಕರೆ | ಗುರುವಾರ, 11:50

ನೀರಿನ ವಿಷಯ ಯಾರೂ ಕೇಳಲಿಲ್ಲವಲ್ಲ ಮಾರಾಯ್ರೆ! ನಾವು ಮಂಗಳೂರಿನವರಿಗೆ ಬಾವಿ ಉಂಟು, ಮಳೆ ಉಂಟು, ಈ ಯೋಚನೆಯೇ ಬರುವುದಿಲ್ಲ. 2024ರ ಬೇಸಿಗೆಯಲ್ಲಿ ಆ ಕಡೆಯೇ ಇದ್ದೆ ನಾನು. ಬೋರು ಬತ್ತಿ, ಬೆಳಿಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ಮಾತ್ರ ನೀರು ಬಿಡುತ್ತಿದ್ದರು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತು, ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ. ಅದಕ್ಕೂ ಮೊದಲು ಅದರ ದುಪ್ಪಟ್ಟು ಕೊಟ್ಟವರು ನಾವು.

ಆ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಅಂತ. ಆದರೆ ರಸ್ತೆಯಲ್ಲಿ ಪೈಪ್ ಬಂತು ಅಂದಮಾತ್ರಕ್ಕೆ ನಿಮ್ಮ ಕಟ್ಟಡಕ್ಕೆ ನೀರು ಬಂತು ಅಂತಲ್ಲ. ಅಸೋಸಿಯೇಷನ್ ಹಣ ಕಟ್ಟಿ ಕನೆಕ್ಷನ್ ತೆಗೆದುಕೊಂಡಿರಬೇಕು. ಬ್ರೋಕರ್ ಹತ್ತಿರ ಕೇಳಬೇಡಿ, ಅವನು ಎಲ್ಲದಕ್ಕೂ "ಉಂಟು" ಅನ್ನುತ್ತಾನೆ. ಕೆಳಗೆ ವಾಚ್‌ಮನ್ ಹತ್ತಿರ "ನಿನ್ನೆ ಎಷ್ಟು ಟ್ಯಾಂಕರ್ ಬಂತು?" ಅಂತ ಕೇಳಿ. ಮೇಂಟೆನೆನ್ಸ್ 3,500ರಲ್ಲಿ ನೀರು ಸೇರಿದೆಯಾ ಇಲ್ಲವಾ, ಅದನ್ನೂ ಕೇಳಿ.

ತುಂಗಾತೀರ | ಭಾನುವಾರ, ಬೆಳಿಗ್ಗೆ 9:00

ಶುಕ್ರವಾರ ಟೋಕನ್ ಹಾಕಲಿಲ್ಲ. ನಿನ್ನೆ ಶನಿವಾರ ನಾನು, ಯಜಮಾನರು, ಅತ್ತೆ ಮೂವರೂ ಹೋದೆವು. ಮಗಳನ್ನು ಕೆ.ಆರ್.ಪುರದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದೆವು.

ಸಂಜೆ ಏಳಕ್ಕೆ ಹೋದಾಗ ನಮ್ಮ ಆಟೋ ಆ ರಸ್ತೆಗೆ ತಿರುಗಲೇ ಆಗಲಿಲ್ಲ. ಮಾಲ್ ಪಾರ್ಕಿಂಗ್‌ಗೆ ಹಣ ಕೊಡಬಾರದು ಅಂತಲೋ ಏನೋ, ಅಪಾರ್ಟ್‌ಮೆಂಟಿನ ಗೇಟಿನ ಎರಡೂ ಬದಿ ಕಾರು ನಿಲ್ಲಿಸಿಬಿಟ್ಟಿದ್ದರು. ಒಳಗಿಂದ ಒಬ್ಬರು ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದರು, ವಾಚ್‌ಮನ್ ಓಡಾಡಿ ಕಾರಿನವರನ್ನು ಹುಡುಕುತ್ತಿದ್ದ. ಹತ್ತು ನಿಮಿಷ ಅವರ ಕಾರು ಅಲ್ಲೇ ನಿಂತಿತ್ತು. ಅದನ್ನು ನೋಡುತ್ತ ನನ್ನ ಕೈಕಾಲೇ ತಣ್ಣಗಾಯಿತು. ಆ ಸೀಟಿನಲ್ಲಿ ನಾಳೆ ನಮ್ಮತ್ತೆ ಇದ್ದರೆ?

ಮಾಲೀಕರು ಒಳ್ಳೆಯವರು, ರಾತ್ರಿ ಮತ್ತೆ ಬರುತ್ತೇವೆ ಅಂದರೆ ಬೇಸರಿಸದೆ ಕೀಲಿ ಕೊಟ್ಟರು. ಖಾಲಿ ಮನೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ಹನ್ನೆರಡು ಮುಕ್ಕಾಲಿಗೆ ಆ ಕಬ್ಬಿಣದ ಗೇಟು ತೆರೆಯಿತು. ಬೆನ್ನಿಗೆ_ಮಾಲ್ ಅಣ್ಣ ಬರೆದ ಹಾಗೇ, ಪೀಂ ಪೀಂ, ಕ್ರೇಟು ಎಳೆಯುವುದು. ಅತ್ತೆ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು, ಸ್ವಲ್ಪ ಹೊತ್ತಿಗೆ ಸೆಖೆ ಅಂತ ಮತ್ತೆ ತೆಗೆದರು. ಒಂದೂವರೆಯೊಳಗೆ ಹಾಗೆ ಮೂರು ಸಲ. ನಮಗೆ ಅಷ್ಟು ಸಾಕಾಯಿತು.

ಟ್ಯಾಂಕರ್ ಕೇಳಿದೆ: ಶುಕ್ರವಾರ ಮೂರು. ಕಾವೇರಿ ಕನೆಕ್ಷನ್ ಇನ್ನೂ ಇಲ್ಲವಂತೆ.

ಆ ಮನೆ ಬೇಡ ಅಂತ ತೀರ್ಮಾನ ಮಾಡಿದೆವು. ಆದರೆ ಮೆಟ್ರೋ ಹತ್ತಿರವೇ ಇರಬೇಕು, ಬೇರೆ ಎಲ್ಲಿ ನೋಡಲಿ?

ಕೆರೆ_ಏರಿ | ಭಾನುವಾರ, 11:25

ನಾನು ಈ ಕಡೆಯವನೇ ಕಣಮ್ಮ, ಐಟಿಪಿಎಲ್ ಬರುವುದಕ್ಕೂ ಮುಂಚಿನಿಂದ. ಮಹದೇವಪುರ ನಗರಸಭೆಯಾಗಿದ್ದಾಗ ನೋಡಿದ್ದೇನೆ, 2007ರಲ್ಲಿ ಬಿಬಿಎಂಪಿಗೆ ಸೇರಿತು, 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆ. ಬೋರ್ಡು ಬದಲಾಗುತ್ತ ಬಂದರೂ ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ ಇವುಗಳ ಹಳೇ ಊರು ಒಳಗೆ ಹಾಗೇ ಇದೆ. ದೊಡ್ಡ ರಸ್ತೆಯಲ್ಲಿ ಗಾಜಿನ ಕಟ್ಟಡ ಕಂಡು ಇಲ್ಲಿ ಊರೇ ಇಲ್ಲ ಅಂದುಕೊಂಡು ಜನ ವಾಪಸ್ ಹೋಗುತ್ತಾರೆ. ದೇವಸ್ಥಾನದ ಗೋಪುರ ಹುಡುಕಿಕೊಂಡು ಒಳಕ್ಕೆ ಬಾ ತಾಯಿ.

ಅಲ್ಲಿ ಮನೆ ಮಾಲೀಕರು ಅದೇ ಕಟ್ಟಡದಲ್ಲೇ ಇರುತ್ತಾರೆ. ಬ್ರೋಕರ್ ಬೇಕಿಲ್ಲ, ಗೇಟಿಗೆ "ಮನೆ ಬಾಡಿಗೆಗಿದೆ" ಬೋರ್ಡು ತೂಗುಹಾಕಿರುತ್ತಾರೆ. ಈಜುಕೊಳ, ಜಿಮ್ಮು ಇರುವುದಿಲ್ಲ. ಕಾರು ನಿಲ್ಲಿಸಲು ಜಾಗ ಕಷ್ಟ. ತಗ್ಗಿನ ಮನೆಯಾದರೆ ಮಳೆಗಾಲದಲ್ಲಿ ನೀರು ನಿಲ್ಲುತ್ತದಾ ಅಂತ ಪಕ್ಕದ ಅಂಗಡಿಯಲ್ಲಿ ಕೇಳು. 2022ರ ಸೆಪ್ಟೆಂಬರ್ ಮಳೆಗೆ ಈ ಕಡೆ ಎಷ್ಟು ಮನೆಗೆ ನೀರು ನುಗ್ಗಿತ್ತೋ ಲೆಕ್ಕವಿಲ್ಲ, ರಾಜಕಾಲುವೆ ಮಗ್ಗುಲಿನ ಮನೆ ಮಾತ್ರ ಬೇಡ.

ನಿಮ್ಮ ಅತ್ತೆಯವರ ವಿಷಯಕ್ಕೇ ಹೇಳುತ್ತಿದ್ದೇನೆ. ನನ್ನ ತಂಗಿ ಹಾಸನದಿಂದ ಬಂದು ಮಗನ ಜೊತೆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಒಂದು ವರ್ಷ ಇದ್ದಳು. ಲಿಫ್ಟಿನಲ್ಲಿ ಸಿಕ್ಕವರೆಲ್ಲ ನಗುತ್ತಿದ್ದರು, ಒಳ್ಳೆಯವರೇ. ಮಾತಾಡಲು ಮಾತ್ರ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಗೇಟಿನಲ್ಲಿರುವ ಹುಡುಗನಿಗೆ ಇಂಟರ್‌ಕಾಮ್‌ನಲ್ಲಿ "ಹಾಲಿನವನನ್ನು ಬಿಡಪ್ಪ" ಅಂತ ಹೇಳಲು ಆಗದೆ ಅತ್ತಳು. ಹಗಲೆಲ್ಲ ಮಗ ಸೊಸೆ ಕೆಲಸಕ್ಕೆ, ಇವಳು ಬಾಲ್ಕನಿಯಲ್ಲಿ. ಆಮೇಲೆ ನಾನೇ ಹೇಳಿ ಊರೊಳಗೆ ಮನೆ ಮಾಡಿಸಿದೆ. ಈಗ ಬೆಳಿಗ್ಗೆ ಸೊಪ್ಪಿನವಳ ಜೊತೆ ಚೌಕಾಶಿ, ಸಂಜೆ ದೇವಸ್ಥಾನದ ಕಟ್ಟೆ. ಫೋನ್ ಮಾಡಿದರೆ ಆಮೇಲೆ ಮಾಡ್ತೀನಿ ಕಣೋ ಅಂತಾಳೆ.

ರಾತ್ರಿಪಾಳಿ | ಭಾನುವಾರ, 12:10

ಕೆರೆ_ಏರಿ ತಾತ, ನೀವು ಹೇಳಿದ್ದನ್ನು ಓದಿ ನಮ್ಮ ಪಕ್ಕದ ಫ್ಲ್ಯಾಟಿನ ಅಜ್ಜಿ ನೆನಪಾದರು. ಅವರೂ ಕನ್ನಡದವರೇ. ಎರಡು ವರ್ಷದಲ್ಲಿ ನಾನು ಸರಿಯಾಗಿ ಕೂತು ಮಾತಾಡಿಸಿಲ್ಲ. ಇವತ್ತು ಹೋಗುತ್ತೇನೆ.

ತುಂಗಾತೀರ | ಮಂಗಳವಾರ, ರಾತ್ರಿ 8:45

ಮನೆ ಸಿಕ್ಕಿತು! ಊರೊಳಗೇ. ನೆಲಮಹಡಿ, ಎರಡು ಬೆಡ್‌ರೂಮು, ಮುಂದೆ ಸಣ್ಣ ಜಗಲಿ. ಬಾಡಿಗೆ 26,000, ನೀರಿಗೆ 500, ಅಡ್ವಾನ್ಸ್ ಒಂದೂವರೆ ಲಕ್ಷ. ಕಾವೇರಿ ನೀರು ದಿನ ಬಿಟ್ಟು ದಿನ, ಜೊತೆಗೆ ಬೋರು. ರಸ್ತೆಯಿಂದ ಎರಡು ಮೆಟ್ಟಿಲು ಮೇಲಿದೆ, 2022ರಲ್ಲಿ ನೀರು ಬಂದಿರಲಿಲ್ಲ ಅಂತ ಎದುರುಗಡೆ ಅಂಗಡಿಯವರೂ ಹೇಳಿದರು. ಬೆಳಕು ಆ ಫ್ಲ್ಯಾಟಿನಷ್ಟಿಲ್ಲ, ಅಡುಗೆಮನೆ ಇಕ್ಕಟ್ಟು. ಮೆಟ್ರೋಗೆ ಹನ್ನೆರಡು ನಿಮಿಷ ನಡಿಗೆ. ಯಜಮಾನರು ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಆಯಿತು. ಮಾಲ್‌ಗೂ ನಡೆದೇ ಹೋಗಬಹುದು, ಅದರ ಮುಂದಿನ ಬಾಗಿಲಿಗೆ.

ಮಾಲೀಕರ ಅಮ್ಮನೂ ಅಲ್ಲೇ ಇದ್ದಾರೆ. ನಾವು ನಲ್ಲಿ ತಿರುಗಿಸಿ ನೋಡುವಷ್ಟರಲ್ಲಿ ಅತ್ತೆ ಅವರ ಜೊತೆ ಜಗಲಿ ಮೇಲೆ ಕೂತು ಮಂಡಿಗೆ ಯಾವ ಎಣ್ಣೆ ಹಚ್ಚುತ್ತೀರಿ ಅಂತ ಕೇಳುತ್ತಿದ್ದರು.

ಅಗ್ರಿಮೆಂಟಿನಲ್ಲಿ ವಕೀಲರು ಹೇಳಿದ ಮೂರೂ ಸಾಲು ಹಾಕಿಸಿದೆ. ಪೇಂಟಿಂಗ್‌ಗೆ ಒಂದು ತಿಂಗಳು ಅಂದರು, 15,000ಕ್ಕೆ ಒಪ್ಪಿಸಿದೆ. ವಿಡಿಯೋ ಮಾಡಿ ಕಳಿಸಿದ್ದೇನೆ, ಹುಬ್ಬಳ್ಳಿ ಅಣ್ಣ.

ಒಂದೇ ಪ್ರಶ್ನೆ ಉಳಿದಿದೆ. ಉಚಿತ ಕರೆಂಟಿನ ಗೃಹಜ್ಯೋತಿಗೆ ಅರ್ಜಿ ಹಾಕಲು ಹೋದರೆ ಕರೆಂಟ್ ಬಿಲ್ಲಿನ ಈ ಆರ್‌ಆರ್ ನಂಬರಿಗೆ ಆಗಲೇ ಬೇರೆ ಆಧಾರ್ ಜೋಡಣೆಯಾಗಿದೆ ಅಂತ ಬರುತ್ತಿದೆ.

ಹೂಡಿ_ಹಾಲ್ಟ್ | ಮಂಗಳವಾರ, 9:02

ಹಿಂದೆ ಇದ್ದ ಬಾಡಿಗೆದಾರರ ಆಧಾರ್ ಅದು. ಅವರು ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿದ ಮೇಲೆ ನೀವು ನಿಮ್ಮ ಆಧಾರ್ ಹಾಕಿ ಹೊಸದಾಗಿ ನೋಂದಾಯಿಸಬೇಕು. ಬಾಡಿಗೆದಾರರಿಗೂ ಈ ಯೋಜನೆ ಇದೆ, 200 ಯೂನಿಟ್ ಮೀರಬಾರದು ಅಷ್ಟೇ. ಹಳೇ ಬಿಲ್ ಬಾಕಿ ಇದೆಯಾ ಅಂತಲೂ ಅದೇ ಆರ್‌ಆರ್ ನಂಬರಿನಲ್ಲಿ ನೋಡಿಬಿಡಿ ಅಕ್ಕ.

ತುಂಗಾತೀರ | ಮಂಗಳವಾರ, 9:40

ಮಾಲೀಕರಿಂದ ನಂಬರ್ ಇಸಿದುಕೊಂಡು ಹಿಂದಿನ ಬಾಡಿಗೆದಾರರಿಗೆ ಫೋನ್ ಮಾಡಿದೆ. ಇವತ್ತು ರಾತ್ರಿಯೇ ಡಿ-ಲಿಂಕ್ ಮಾಡುತ್ತಾರಂತೆ. ಬಾಕಿ ಏನೂ ಇಲ್ಲ. ಮೀಟರ್ ಫೋಟೋ ತೆಗೆದಿಟ್ಟಿದ್ದೇನೆ, ರೀಡಿಂಗ್ 4,118. ಗುರುವಾರ ಬೆಳಿಗ್ಗೆ ಹಾಲು ಉಕ್ಕಿಸುತ್ತೇವೆ. ಕೆರೆ_ಏರಿ ಅಪ್ಪಾಜಿ, ನಿಮ್ಮ ತಂಗಿಯವರನ್ನೂ ಕರೆದುಕೊಂಡು ಬನ್ನಿ, ದೇವಸ್ಥಾನದ ಕಟ್ಟೆಯಿಂದ ಎರಡನೇ ತಿರುವು.